ಮುಟ್ಟಲಿ ಬಿಡಿ: ಪುಟ್ಟ ಮಕ್ಕಳಿಗೆ ಮನೆಯನ್ನೇ ಬಿಟ್ಟುಕೊಡುವ 12 ಸೂತ್ರಗಳು

ನಮ್ಮ ದೇವರ ಕೋಣೆಯ ಬಾಗಿಲಲ್ಲಿ ಸಾಲುಸಾಲಾಗಿ ಪುಟ್ಟ ಹಿತ್ತಾಳೆ ಗಂಟೆಗಳಿವೆ. ಮೊಮ್ಮಗ ಹದಿನೇಳು ತಿಂಗಳಿನವನಿದ್ದಾಗ ಒಂದು ಬೆಳಿಗ್ಗೆ ಆ ಬಾಗಿಲ ಮುಂದೆ ಕೂತ. ತಳ್ಳಿದ, ಗಂಟೆಗಳೆಲ್ಲ ಗಲಗಲ ಎಂದವು. ಎಳೆದ, ಮತ್ತೆ ಗಲಗಲ. ಈ ಸಲ ಮೆಲ್ಲಗೆ ತಳ್ಳಿದ. ಎರಡೋ ಮೂರೋ ಗಂಟೆ ಮಾತ್ರ ಸದ್ದು ಮಾಡಿದವು. ಆಮೇಲೆ ಕೆಳಗಿನ ಸಾಲಿನ ಒಂದು ಗಂಟೆಯನ್ನು ಎಡಗೈ ಮುಷ್ಟಿಯಲ್ಲಿ ಹಿಡಿದುಕೊಂಡು ಬಲಗೈಯಲ್ಲಿ ಬಾಗಿಲು ಅಲ್ಲಾಡಿಸಿದ. ಉಳಿದವೆಲ್ಲ ಕುಣಿದವು, ಹಿಡಿದದ್ದು ಸುಮ್ಮನಿತ್ತು. ಮುಷ್ಟಿ ಬಿಚ್ಚಿ ಗಂಟೆಯನ್ನೇ ನೋಡಿದ. ಮತ್ತೆ ಹಿಡಿದ, ಮತ್ತೆ ಅಲ್ಲಾಡಿಸಿದ. ಇಪ್ಪತ್ತು ನಿಮಿಷ ಅಲ್ಲಿಂದ ಏಳಲಿಲ್ಲ. ಹುಟ್ಟುಹಬ್ಬಕ್ಕೆ ಬಂದಿದ್ದ ಬ್ಯಾಟರಿ ಕಾರು ಸೋಫಾದ ಕೆಳಗೆ ಬಿದ್ದಿತ್ತು.

ಶಿಶುವಿಹಾರದಲ್ಲಿ ಇಪ್ಪತ್ತೆರಡು ವರ್ಷ ಚಿಕ್ಕ ಮಕ್ಕಳ ನಡುವೆ ಕಳೆದವಳು ನಾನು. ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ: ಒಂದರಿಂದ ಮೂರು ವರ್ಷದ ಮಗುವಿಗೆ ಚಿಲಕ, ನಲ್ಲಿ, ಸ್ವಿಚ್ಚು, ಡ್ರಾ, ಕದ ಇವುಗಳಿಗಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಒತ್ತಿದರೆ ದೀಪ ಹತ್ತುತ್ತದೆ. ಇವತ್ತು ಹತ್ತಿದ್ದು ನಾಳೆಯೂ ಹತ್ತುತ್ತದೆ. ಅಜ್ಜಿ ಒತ್ತಿದರೂ ಹತ್ತುತ್ತದೆ, ಮಗು ಒತ್ತಿದರೂ ಹತ್ತುತ್ತದೆ. ಐವತ್ತನೆಯ ಸಲ ಕೇಳಿದರೂ ಬೇಸರವಿಲ್ಲದೆ ಅದೇ ಉತ್ತರ ಕೊಡುವ ಗುರು ಅದು. ಇದನ್ನು ನಾವು ಚೇಷ್ಟೆ ಎಂದು ಕರೆದು ಮಗುವನ್ನು ಎತ್ತಿಕೊಂಡು ಬಂದುಬಿಡುತ್ತೇವೆ. ಹಾಗೆ ಎತ್ತಿಕೊಂಡು ಬರುವುದು ಬೇಡ ಎನ್ನುವುದಕ್ಕೇ ಈ ಸೂತ್ರಗಳನ್ನು ಬರೆಯುತ್ತಿದ್ದೇನೆ.

1. ಮೊದಲು ನೀವು ಅಂಬೆಗಾಲಿಡಿ

ಮಗುವನ್ನು ಬಿಡುವ ಮುಂಚೆ ಮೊಣಕಾಲೂರಿ ಇಡೀ ಮನೆ ಸುತ್ತಿಬನ್ನಿ. ನಿಂತಾಗ ಕಣ್ಣಿಗೆ ಬೀಳದ್ದು ಎರಡಡಿ ಎತ್ತರದಿಂದ ಕಾಣುತ್ತದೆ: ಮಂಚದ ಪಕ್ಕದ ಪ್ಲಗ್ ಪಾಯಿಂಟ್, ಟೇಬಲ್ಲಿನಿಂದ ಜೋತುಬಿದ್ದ ಇಸ್ತ್ರಿಪೆಟ್ಟಿಗೆಯ ವೈರು, ಸಿಂಕಿನ ಕೆಳಗಿನ ಫೆನಾಯಿಲ್, ಗೋಡೆಗೆ ಒರಗಿಸಿಟ್ಟ ಮಡಿಸುವ ಟೇಬಲ್ಲು.

ಒಂದು ಭಾನುವಾರ ಇದಕ್ಕೆ ಇಡಿ. ಕೆಳಗಿರುವ ಪ್ಲಗ್ ಪಾಯಿಂಟ್‌ಗಳಿಗೆ ಶಟರ್ ಇರುವ ಸಾಕೆಟ್ ಹಾಕಿಸಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಅರ್ಥ್ ಪಿನ್ನು ದಪ್ಪ, ಉದ್ದ. ಅದು ಒಳಗೆ ಹೋದಾಗ ಮಾತ್ರ ಇಂಥ ಸಾಕೆಟ್ಟಿನ ಕೆಳಗಿನ ಎರಡು ತೂತು ತೆರೆದುಕೊಳ್ಳುತ್ತವೆ. ಮೀಟರ್ ಬೋರ್ಡಿನ ಹತ್ತಿರ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್ಚು) ಇದೆಯೇ ಎಂದು ಎಲೆಕ್ಟ್ರಿಷಿಯನ್‌ರನ್ನು ಕೇಳಿ, ಇಲ್ಲದಿದ್ದರೆ ಹಾಕಿಸಿ. ಬೀರು, ಟಿ.ವಿ., ಡ್ರಾ ಇರುವ ಕಪಾಟು, ಚಪ್ಪಲಿ ಸ್ಟ್ಯಾಂಡು ಇವನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ. ಮಗು ಡ್ರಾಗಳನ್ನು ಒಂದೊಂದೇ ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುತ್ತದೆ, ಕಪಾಟು ಮಗುಚಿಕೊಳ್ಳುತ್ತದೆ.

ಕೆಲವು ರಿಮೋಟು, ಕೈಗಡಿಯಾರ, ಹಾಡುವ ಗ್ರೀಟಿಂಗ್ ಕಾರ್ಡು ಇವುಗಳ ಒಳಗಿನ ನಾಣ್ಯದಂಥ ಬಟನ್ ಬ್ಯಾಟರಿಗಳ ವಿಷಯದಲ್ಲಿ ತುಂಬಾ ಜಾಗ್ರತೆ. ಸುಮಾರು 20 ಮಿಲಿಮೀಟರ್ ಅಗಲದ ಲಿಥಿಯಂ ಬ್ಯಾಟರಿ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯ ಮಾಡುತ್ತದೆ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ. ಆಸಿಡ್, ಸೀಮೆಎಣ್ಣೆಯನ್ನು ಹಳೆಯ ಜ್ಯೂಸ್ ಬಾಟಲಿಗೆ ತುಂಬಿಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಇಷ್ಟು ಮಾಡಿದ ಮೇಲೆ ಮಗುವಿನ ಹಿಂದೆ ಓಡುವ ನಿಮ್ಮ ಓಟ ಅರ್ಧಕ್ಕರ್ಧ ನಿಲ್ಲುತ್ತದೆ. ಮಗುವಿಗೂ ಉಸಿರಾಡಲು ಜಾಗ ಸಿಗುತ್ತದೆ.

2. ‘ಬೇಡ’ಗಳನ್ನು ಐದಕ್ಕೆ ಇಳಿಸಿ

ಒಲೆ, ಪ್ಲಗ್ಗಿನ ತೂತು, ಬಿಸಿನೀರಿನ ನಲ್ಲಿ, ಬಾಲ್ಕನಿಯ ಕಂಬಿ, ಚಾಕು-ಈಳಿಗೆಮಣೆ. ನಮ್ಮ ಮನೆಯ ಪಟ್ಟಿ ಇಷ್ಟೇ. ನಿಮ್ಮ ಮನೆಯಲ್ಲಿ ಬಾವಿಯೋ ಸಂಪೋ ಇದ್ದರೆ ಅದರ ಮುಚ್ಚಳಕ್ಕೆ ಬೀಗ ಬೀಳಬೇಕು. ಅದನ್ನು ಮಗುವಿನ ತಿಳಿವಳಿಕೆಗೆ ಬಿಡುವಂತಿಲ್ಲ.

ಬೆಳಗಿನಿಂದ ರಾತ್ರಿಯವರೆಗೆ ‘ಬೇಡ, ಬೇಡ’ ಎನ್ನುತ್ತಿದ್ದರೆ ಆ ಮಾತು ಫ್ಯಾನಿನ ಸದ್ದಿನಂತಾಗುತ್ತದೆ, ಮಗುವಿನ ಕಿವಿಗೇ ಬೀಳುವುದಿಲ್ಲ. ಐದೇ ಸಲ, ಐದೇ ಕಡೆ, ಒಂದೇ ಗಟ್ಟಿ ದನಿಯಲ್ಲಿ ಹೇಳಿದರೆ ಒಂದೂವರೆ ವರ್ಷದ ಮಗುವೂ ಒಲೆಯ ಮುಂದೆ ಕೈ ಹಿಂದಕ್ಕೆಳೆದುಕೊಳ್ಳುತ್ತದೆ. ಹಾಗೆಂದು ಅದನ್ನು ಅಲ್ಲಿ ಒಂಟಿಯಾಗಿ ಬಿಡಬೇಡಿ. ಈ ವಯಸ್ಸಿನ ನೆನಪು ಇನ್ನೂ ಎಳೆಯದು.

3. ಚಿಲಕಕ್ಕೆ ಸಮಯ ಕೊಡಿ

ನನ್ನ ಪಾಲಿಗೆ ಇದು ಎಲ್ಲಕ್ಕಿಂತ ದೊಡ್ಡ ಸೂತ್ರ. ಚಿಲಕ ಹಾಕಿ ತೆಗೆಯುವುದರಲ್ಲಿ ಎಷ್ಟು ಕೆಲಸ ಅಡಗಿದೆ ನೋಡಿ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಿಡಿಯಬೇಕು. ಕೊಂಡಿಯನ್ನು ಸ್ವಲ್ಪ ಎತ್ತಿ, ಎತ್ತಿದ್ದನ್ನು ಹಾಗೇ ಹಿಡಿದು ಪಕ್ಕಕ್ಕೆ ಸರಿಸಬೇಕು. ಅಷ್ಟರಲ್ಲಿ ಇನ್ನೊಂದು ಕೈ ಕದವನ್ನು ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಬಿಗಿ ಸಡಿಲವಾಗುವುದಿಲ್ಲ. ಎರಡು ಕೈಗೆ ಎರಡು ಬೇರೆ ಬೇರೆ ಕೆಲಸ! ಮುಂದೆ ಅಂಗಿಯ ಗುಂಡಿ ಹಾಕುವಾಗ, ಪೆನ್ಸಿಲ್ ಹಿಡಿಯುವಾಗ, ಒಂದು ಕೈಯಲ್ಲಿ ಹಾಳೆ ಒತ್ತಿ ಇನ್ನೊಂದರಲ್ಲಿ ಬರೆಯುವಾಗ ಬೇಕಾಗುವುದು ಇದೇ ಹದ.

ಮಾರಿಯಾ ಮಾಂಟೆಸ್ಸರಿ 1907ರ ಜನವರಿಯಲ್ಲಿ ರೋಮಿನ ಬಡವರ ಬಡಾವಣೆ ಸಾನ್ ಲೊರೆಂಜೊದಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ ತೆರೆದಾಗ ಅಲ್ಲಿ ಒಳ್ಳೆಯ ಗೊಂಬೆಗಳೂ ಇದ್ದವು. ಮಕ್ಕಳು ಗೊಂಬೆಗಳನ್ನು ತಾವಾಗಿ ಆರಿಸಿಕೊಳ್ಳಲಿಲ್ಲ. ಕೈಗೆ ನಿಜವಾದ ಕೆಲಸ ಕೊಡುವ ಸಾಮಾನುಗಳ ಕಡೆಗೇ ಹೋದರು ಎಂದು ಅವರು ಬರೆದಿದ್ದಾರೆ. 1939ರಲ್ಲಿ ಅವರು ಮದ್ರಾಸಿನ ಅಡಯಾರಿಗೆ ಬಂದರು. ಯುದ್ಧದ ವರ್ಷಗಳಲ್ಲಿ ಕೊಡೈಕೆನಾಲಿನಲ್ಲೂ ಇದ್ದು ನಮ್ಮ ದೇಶದ ಎಷ್ಟೋ ಶಿಕ್ಷಕರಿಗೆ ತರಬೇತಿ ಕೊಟ್ಟರು. ಇವತ್ತು ನಮ್ಮೂರುಗಳ ಮಾಂಟೆಸ್ಸರಿ ಶಾಲೆಗಳಲ್ಲಿ ಮಕ್ಕಳು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿಯುವುದು, ಗುಂಡಿ ಹಾಕುವ ಚೌಕಟ್ಟು ಹಿಡಿದು ಕೂರುವುದು ಆ ಪಾಠದ ಮುಂದುವರಿಕೆ. ಅದಕ್ಕೆ ಫೀಸು ಕಟ್ಟಲು ಆಗದವರ ಮನೆಯಲ್ಲೂ ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ.

ಮಾಡಬೇಕಾದ್ದು ಇಷ್ಟು. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಟವರ್ ಬೋಲ್ಟು, ಒಂದು ಕೊಂಡಿ, ಒಂದು ಕೀಲು ತನ್ನಿ. ಬಡಗಿ ಕೊಟ್ಟ ಪ್ಲೈವುಡ್ ತುಂಡಿನ ಮೇಲೆ ಬಿಗಿಸಿ, ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿ, ಮಗುವಿನ ಎದೆಯ ಎತ್ತರಕ್ಕೆ ಗೋಡೆಗೆ ಹೊಡೆಯಿರಿ. ಹೆಣ್ಣು ಮಗುವಿಗೂ ಇದೇ ಹಲಗೆ, ಗಂಡು ಮಗುವಿಗೂ ಇದೇ ಹಲಗೆ.

ನಿಜವಾದ ಬಾಗಿಲಿನಲ್ಲಿ ಆಡುವಾಗ ಎರಡು ಎಚ್ಚರ. ಒಂದು, ಬೆರಳು. ಕದ ಮತ್ತು ಚೌಕಟ್ಟಿನ ನಡುವೆ, ಅದರಲ್ಲೂ ಕೀಲಿನ ಕಡೆ ಸಿಕ್ಕಿದ ಬೆರಳು ಜಜ್ಜಿಹೋಗುತ್ತದೆ. ಕದದ ಮೇಲಂಚಿಗೆ ಒಂದು ದಪ್ಪ ಟವೆಲ್ ಹೊದಿಸಿ, ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಇನ್ನೊಂದು, ಒಳಗಿನಿಂದ ಬೋಲ್ಟು. ನನ್ನ ಮಗಳು ಎರಡು ವರ್ಷದವಳಿದ್ದಾಗ ರೂಮಿನೊಳಗೆ ಬೋಲ್ಟು ಹಾಕಿಕೊಂಡು, ತೆಗೆಯಲು ಬಾರದೆ ಮುಕ್ಕಾಲು ಗಂಟೆ ಅತ್ತಳು. ಕಿಟಕಿಯ ಸರಳಿನಾಚೆ ನಿಂತು ನಾನು ಅವಳಿಗೆ ಕಥೆ ಹೇಳುತ್ತಿದ್ದೆ, ಅವಳಪ್ಪ ಬಾಗಿಲಿನ ಕೀಲು ಬಿಚ್ಚಿದರು. ಮಾರನೆಯ ದಿನವೇ ಮನೆಯ ಕೆಳಗಿನ ಬೋಲ್ಟುಗಳನ್ನೆಲ್ಲ ತೆಗೆಸಿದೆವು. ಬಚ್ಚಲುಮನೆ ಮತ್ತು ಮಲಗುವ ಕೋಣೆಗಳಲ್ಲಿ ಬೋಲ್ಟು ಮಗುವಿಗೆ ಎಟುಕದ ಎತ್ತರದಲ್ಲಿರಲಿ, ಲಾಕ್ ಇದ್ದರೆ ಕೀಲಿ ಹೊರಗಿರಲಿ.

4. ಸ್ವಿಚ್ಚು ಒತ್ತಲಿ, ಆದರೆ ಹೆಸರು ಹೇಳಿ ಒತ್ತಲಿ

ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಸ್ವಿಚ್ ಬೋರ್ಡಿನ ಹತ್ತಿರ ಹೋಗಿ. “ಇದು ಲೈಟು. ಈಗ ಒತ್ತು.” ಟಪ್! ದೀಪ ಬಂತು. “ಇದು ಫ್ಯಾನು.” ದೀಪ ತಕ್ಷಣ ಬರುತ್ತದೆ, ಫ್ಯಾನು ಮೆಲ್ಲಗೆ ಏಳುತ್ತದೆ, ಆರಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಮಗು ತಲೆಯೆತ್ತಿ ಆ ರೆಕ್ಕೆಗಳು ನಿಲ್ಲುವವರೆಗೂ ನೋಡುತ್ತದೆ. ನೋಡಲಿ ಬಿಡಿ. ಕೆಲವಕ್ಕೆ ಉತ್ತರ ತಡವಾಗಿ ಬರುತ್ತದೆ ಎನ್ನುವುದನ್ನು ಅದು ಕಲಿಯುತ್ತಿರುವುದು ಆಗಲೇ.

ಕೆಲವೇ ವಾರಗಳಲ್ಲಿ ಮಗುವಿಗೆ ಯಾವ ಸ್ವಿಚ್ಚಿಗೆ ಏನು ಎಂಬುದು ಬಾಯಿಪಾಠವಾಗುತ್ತದೆ. ಆಗ ಪ್ರಶ್ನೆಯನ್ನು ತಿರುಗಿಸಿ: “ಫ್ಯಾನು ಎಲ್ಲಿದೆ, ತೋರಿಸು?”

ಒಂದು ಸಂಜೆ ಕರೆಂಟು ಹೋಗಿತ್ತು. ಮೊಮ್ಮಗ ಸ್ವಿಚ್ಚು ಒತ್ತಿದ, ದೀಪ ಬರಲಿಲ್ಲ. ಮತ್ತೆ ಒತ್ತಿದ. ಪಕ್ಕದ್ದನ್ನು ಒತ್ತಿದ. ಬಲ್ಬು ನೋಡಿದ, ತನ್ನ ಬೆರಳು ನೋಡಿಕೊಂಡ, ಆಮೇಲೆ ನನ್ನ ಮುಖ ನೋಡಿದ. ಆ ನೋಟಕ್ಕೆ ಉತ್ತರ ಕೊಡಲೇಬೇಕು. “ಕರೆಂಟು ಹೋಯ್ತು ಮರಿ. ನಿನ್ನ ತಪ್ಪಲ್ಲ. ಬರುತ್ತೆ, ಕಾಯೋಣ.” ದೀಪ ಬಂದಾಗ ಅವನು ಚಪ್ಪಾಳೆ ತಟ್ಟಿದ್ದನ್ನು ನೀವು ನೋಡಬೇಕಿತ್ತು.

ಕಟ್ಟುನಿಟ್ಟು ಇಷ್ಟೇ: ಒದ್ದೆ ಕೈಯಲ್ಲಿ ಸ್ವಿಚ್ಚು ಇಲ್ಲ, ತೂತುಗಳಿಗೆ ಬೆರಳು ಯಾವತ್ತೂ ಇಲ್ಲ. ಗೀಸರ್, ಮಿಕ್ಸಿ, ನೀರಿನ ಮೋಟಾರಿನ ಸ್ವಿಚ್ಚುಗಳು ಆಟಕ್ಕೆ ಸೇರುವುದಿಲ್ಲ. ಕಾಲಿಂಗ್ ಬೆಲ್ಲು ಸೇರುತ್ತದೆ. ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ.

5. ನೀರು: ಎರಡು ಬೆರಳಷ್ಟು ಆಳ, ಒಂದು ತೋಳಿನಷ್ಟು ದೂರ

ನೀರಿಗಿಂತ ದೊಡ್ಡ ಆಟ ಮಗುವಿಗೆ ಗೊತ್ತಿಲ್ಲ. ನೀರಿಗಿಂತ ದೊಡ್ಡ ಅಪಾಯವೂ ಮನೆಯಲ್ಲಿಲ್ಲ. ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳಬೇಕು.

ಐದು ಸೆಂಟಿಮೀಟರ್ ನೀರು ಸಾಕು, ಪುಟ್ಟ ಮಗು ಮುಳುಗಲು. ಈ ವಯಸ್ಸಿನಲ್ಲಿ ದೇಹಕ್ಕೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಬಕೆಟ್ಟಿನೊಳಗೆ ಬಗ್ಗಿ ಮುಗ್ಗರಿಸಿದ ಮಗುವಿಗೆ ತಲೆ ಎತ್ತಿಕೊಳ್ಳಲು ಆಗುವುದಿಲ್ಲ, ಸದ್ದೂ ಕೇಳಿಸುವುದಿಲ್ಲ. ನಮ್ಮ ಊರುಗಳಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ, ಹಾಗಾಗಿ ಬಕೆಟ್ಟು, ಡ್ರಮ್ಮು, ಹಂಡೆ ತುಂಬಿಡುವುದು ನಮ್ಮ ರೂಢಿ. ಮಗುವಿರುವ ಮನೆಯಲ್ಲಿ ಅವಕ್ಕೆಲ್ಲ ಬಿಗಿಯಾದ ಮುಚ್ಚಳ ಬೇಕು, ಬಚ್ಚಲಿನ ಬಾಗಿಲು ಹೊರಗಿನಿಂದ ಚಿಲಕ ಹಾಕಿರಬೇಕು. ಆಟದ ಹೊತ್ತಿನಲ್ಲಿ ಮಗು ನಿಮ್ಮ ತೋಳಿಗೆ ಎಟುಕುವಷ್ಟು ದೂರದಲ್ಲೇ ಇರಲಿ, ಫೋನು ಬಂದರೆ ಎತ್ತಬೇಡಿ. ಎತ್ತಲೇಬೇಕಾದರೆ ಮಗುವನ್ನು ಎತ್ತಿಕೊಂಡು ಹೋಗಿ.

ಇನ್ನು ಬಿಸಿನೀರು. ಗೀಸರಿನ ನೀರು 60 ಡಿಗ್ರಿ ಇದ್ದರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಟ್ಟುಹೋಗುತ್ತದೆ. ಮಗುವಿನ ಚರ್ಮ ನಮ್ಮದಕ್ಕಿಂತ ತೆಳು. ಥರ್ಮೋಸ್ಟಾಟನ್ನು 50 ಡಿಗ್ರಿಗಿಂತ ಕೆಳಗೆ ಇಡಿಸಿ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಕ್ರಮ ಯಾವತ್ತೂ ತಪ್ಪಬಾರದು.

ಇಷ್ಟಾದ ಮೇಲೆ ಆಟ ಶುರು. ಅಗಲವಾದ ಬೇಸಿನ್ನಿಗೆ ಎರಡು ಬೆರಳಷ್ಟು ನೀರು, ಒಂದು ಚೊಂಬು, ಒಂದು ಪ್ಲಾಸ್ಟಿಕ್ ಮಗ್ಗು, ಟೀ ಸೋಸುವ ಜಾಲರಿ, ಒಂದು ಬಟ್ಟಲು. ಚೊಂಬಿನಿಂದ ಬಟ್ಟಲಿಗೆ ಸುರಿದರೆ ತುಂಬಿ ಹರಿಯುತ್ತದೆ, ಬಟ್ಟಲಿನಿಂದ ಚೊಂಬಿಗೆ ಸುರಿದರೆ ತುಂಬುವುದೇ ಇಲ್ಲ. ಜಾಲರಿಯಲ್ಲಿ ನೀರು ನಿಲ್ಲುವುದಿಲ್ಲ. ತೂತಿಗೆ ಅಂಗೈ ಒತ್ತಿದರೆ ಸ್ವಲ್ಪ ನಿಂತಂತೆ ಆಗುತ್ತದೆ. ಒಂದು ಮಗು ಇದನ್ನೆಲ್ಲ ಎಷ್ಟು ಗಂಭೀರವಾಗಿ ನೋಡುತ್ತದೆ ಎಂದು ತಿಳಿಯಬೇಕಾದರೆ ಅದರ ತುಟಿ ನೋಡಿ. ಸುರಿಯುವ ಹೊತ್ತಿಗೆ ತುಟಿ ಮುಂದೆ ಬಂದಿರುತ್ತದೆ, ಉಸಿರು ಹಿಡಿದಿರುತ್ತದೆ.

ನಲ್ಲಿ ತಿರುಗಿಸುವುದನ್ನೂ ಹೀಗೇ ಕಲಿಸಿ. ಸುತ್ತು ಸುತ್ತು ತಿರುಗಿಸುವ ಹಳೆಯ ಹಿತ್ತಾಳೆ ನಲ್ಲಿ ಮಗುವಿನ ಮಣಿಕಟ್ಟಿಗೆ ಕಷ್ಟ. ಕಾಲು ಸುತ್ತಿಗೆ ತೆರೆಯುವ ಉದ್ದ ಹಿಡಿಯ ನಲ್ಲಿ ಸುಲಭ. “ಸಣ್ಣ ನೀರು, ದೊಡ್ಡ ನೀರು, ನೀರು ಸಾಕು.” ನೀರು ಹಾಳಾಗುತ್ತದೆ ಎಂಬ ಚಿಂತೆ ಬೇಡ, ಬೇಸಿನ್ನಿನಲ್ಲಿ ಉಳಿದದ್ದನ್ನು ಮಗುವಿನ ಕೈಯಿಂದಲೇ ತುಳಸಿಗೋ ಮಲ್ಲಿಗೆ ಬಳ್ಳಿಗೋ ಹಾಕಿಸಿ. ಆಟ ಮುಗಿದ ಕೂಡಲೇ ಬೇಸಿನ್ನು ಬೋರಲು.

6. ಅಡುಗೆಮನೆಯ ಒಂದು ಕೆಳ ಡ್ರಾ ಮಗುವಿನದು

ನೀವು ಅಡುಗೆ ಮಾಡುವಾಗ ಮಗುವಿಗೆ ಬೇಕಾಗಿರುವುದು ನಿಮ್ಮ ಕಾಲ ಬುಡ. ಒಲೆಯಿಂದ ದೂರದ ಒಂದು ಡ್ರಾ ಆರಿಸಿ ಮಗುವಿನ ಹೆಸರಿಗೆ ಬರೆದುಕೊಡಿ. ಒಳಗೆ ಏನಿಡಬೇಕು? ಒಂದರೊಳಗೊಂದು ಕೂರುವ ಸ್ಟೀಲ್ ಡಬ್ಬಿಗಳು, ಇಡ್ಲಿ ತಟ್ಟೆ, ಮರದ ಸೌಟು, ಲಟ್ಟಣಿಗೆ, ಹಳೆಯ ಕುಕ್ಕರಿನ ಗ್ಯಾಸ್ಕೆಟ್, ಪಾವು, ಸೇರು. ಸೇರಿನೊಳಗೆ ಪಾವು ಕೂರುತ್ತದೆ, ಪಾವಿನೊಳಗೆ ಸೇರು ಕೂರುವುದಿಲ್ಲ. ಈ ಸತ್ಯ ಒಪ್ಪಿಕೊಳ್ಳಲು ಒಂದು ಮಗುವಿಗೆ ವಾರ ಬೇಕಾದೀತು. ಸ್ಟೀಲು ತಣ್ಣಗೆ, ಮರ ಬೆಚ್ಚಗೆ, ಸ್ಟೀಲು ಬಿದ್ದರೆ ಠಣ್, ಮರ ಬಿದ್ದರೆ ಟಕ್. ಪ್ಲಾಸ್ಟಿಕ್ ಆಟಿಕೆಗಳ ಬುಟ್ಟಿಯಲ್ಲಿ ಎಲ್ಲದರ ಭಾರ, ಸದ್ದು, ನಯ ಹೆಚ್ಚುಕಡಿಮೆ ಒಂದೇ ಥರ.

ಮುಚ್ಚಳವನ್ನು ತಿರುಗಿಸಿ ತೆಗೆಯುವುದು ಎರಡು ವರ್ಷದ ಆಸುಪಾಸಿನಲ್ಲಿ ಬರುತ್ತದೆ. ಅದಕ್ಕಿಂತ ಮೊದಲು ಒತ್ತಿ ಮುಚ್ಚುವ ಡಬ್ಬಿ ಕೊಡಿ.

ಹುಣಸೆಬೀಜ, ಅವರೆಕಾಳು, ಗುಂಡಿ, ಗೋಲಿ ಇವನ್ನು ಡಬ್ಬಿಗೆ ಹಾಕಿ ಅಲ್ಲಾಡಿಸಲು ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಮೂರು ವರ್ಷ ತುಂಬುವವರೆಗೆ ಬೇಡ. ಟಿಶ್ಯೂ ರೋಲಿನೊಳಗಿನ ರಟ್ಟಿನ ಕೊಳವೆ ಇಟ್ಟುಕೊಳ್ಳಿ. ಅದರಲ್ಲಿ ತೂರಿಹೋಗುವ ವಸ್ತು ಯಾವುದಾದರೂ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು ಎಂದೇ ತಿಳಿಯಿರಿ.

7. ಬಿಸಾಡುವುದನ್ನು ನೋಡಿ ಸಿಟ್ಟಾಗಬೇಡಿ

ಊಟದ ಕುರ್ಚಿಯಿಂದ ಚಮಚ ಕೆಳಗೆ ಬೀಳುತ್ತದೆ. ನೀವು ಎತ್ತಿಕೊಡುತ್ತೀರಿ. ಮತ್ತೆ ಬೀಳುತ್ತದೆ. ನಿಮ್ಮನ್ನು ಕಾಡಿಸಲು ಅಲ್ಲ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896-1980) ತಮ್ಮ ಮೂವರು ಮಕ್ಕಳು ಕೂಸುಗಳಾಗಿದ್ದಾಗ ಮಾಡಿದ್ದನ್ನೆಲ್ಲ ಬರೆದಿಟ್ಟುಕೊಂಡರು. ಒಂದು ವರ್ಷದ ಆಸುಪಾಸಿನ ಮಗು ಒಂದೇ ಕೆಲಸವನ್ನು ಬೇರೆ ಬೇರೆ ರೀತಿಯಲ್ಲಿ ಮಾಡಿ ಏನಾಗುತ್ತದೆ ಎಂದು ನೋಡುತ್ತದೆ ಎಂಬುದು ಅವರ ಕಾಣ್ಕೆ: ಎತ್ತರದಿಂದ ಬೀಳಿಸಿದರೆ ಹೇಗೆ, ಪಕ್ಕಕ್ಕೆ ಬಿಟ್ಟರೆ ಹೇಗೆ. ಬೀಳಿಸಬಹುದಾದದ್ದನ್ನು ಬೇರೆ ಕೊಡಿ: ಬಟ್ಟೆ ಚೆಂಡು, ಮರದ ಚಮಚ, ಕರವಸ್ತ್ರ. ಕರವಸ್ತ್ರ ಮೆಲ್ಲಗೆ ಇಳಿಯುತ್ತದೆ, ಚಮಚ ದಡಕ್ಕನೆ ಬೀಳುತ್ತದೆ. ಅನ್ನದ ತಟ್ಟೆ ಮಾತ್ರ ಬೀಳಿಸುವ ಸಾಮಾನಲ್ಲ. ಬಿಸಾಡಲು ಶುರು ಮಾಡಿದರೆ ಹೊಟ್ಟೆ ತುಂಬಿತು ಎಂದು ತಿಳಿದು ತಟ್ಟೆ ಎತ್ತಿಬಿಡಿ.

8. ಕೈ ಕಟ್ಟಿಕೊಂಡು ಕೂರಿ

ದೊಡ್ಡವರಿಗೆ ಇದೇ ಎಲ್ಲಕ್ಕಿಂತ ಕಷ್ಟ. ಮಗು ಡಬ್ಬಿ ತೆರೆಯಲು ಒದ್ದಾಡುತ್ತಿದ್ದರೆ ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ತಡೆಯಿರಿ.

ಪಿಯಾಜೆಯ ಮಗಳು ಲೂಸಿಯೆನ್‌ಗೆ ಒಂದು ವರ್ಷ ನಾಲ್ಕು ತಿಂಗಳು. ಅಪ್ಪ ಗಡಿಯಾರದ ಸರಪಳಿಯೊಂದನ್ನು ಬೆಂಕಿಪೊಟ್ಟಣದೊಳಗೆ ಇಟ್ಟು, ಸಣ್ಣ ಸಂದು ಮಾತ್ರ ಉಳಿಸಿ ಕೊಟ್ಟರು. ಬೆರಳು ತೂರಿಸಿದಳು, ಆಗಲಿಲ್ಲ. ಆಗ ನಿಂತು ಆ ಸಂದನ್ನೇ ದಿಟ್ಟಿಸಿದಳು. ತನ್ನ ಬಾಯಿ ಸ್ವಲ್ಪ ತೆರೆದಳು, ಮುಚ್ಚಿದಳು, ಇನ್ನೂ ಅಗಲ ತೆರೆದಳು. ಮರುಕ್ಷಣವೇ ಸಂದಿಗೆ ಬೆರಳಿಟ್ಟು ಪೊಟ್ಟಣ ಎಳೆದು ಅಗಲ ಮಾಡಿ ಸರಪಳಿ ತೆಗೆದುಕೊಂಡಳು. ‘ಅಗಲವಾಗಬೇಕು’ ಎನ್ನಲು ಮಾತಿಲ್ಲದ ಮಗು ಅದನ್ನು ಬಾಯಿಂದ ಯೋಚಿಸಿತು. ಅಪ್ಪ ಮಧ್ಯೆ ಕೈ ಹಾಕಿದ್ದರೆ ಆ ಬಾಯಿ ತೆರೆಯುತ್ತಿರಲಿಲ್ಲ.

ಮಗು ಅತ್ತು ಡಬ್ಬಿಯನ್ನು ನಿಮ್ಮ ಕಡೆ ಚಾಚಿದರೆ ಸಹಾಯ ಮಾಡಿ, ಅರ್ಧ ಮಾತ್ರ. ಮುಚ್ಚಳ ಸಡಿಲ ಮಾಡಿ ಹಿಂದಕ್ಕೆ ಕೊಡಿ. ಕೊನೆಯ ಎಳೆತ ಅದರದಾಗಿರಲಿ.

ಸುಮ್ಮನೆ ಕೂತಾಗ ಇನ್ನೊಂದನ್ನೂ ಗಮನಿಸಿ. ಆಟದ ನಡುವೆ ಮಗು ನಿಮ್ಮ ಮುಖ ನೋಡುತ್ತದೆಯೇ, ಬೆರಳು ತೋರಿಸಿ ‘ನೋಡು’ ಎನ್ನುವಂತೆ ಕರೆಯುತ್ತದೆಯೇ? ಒಂದೂವರೆ ವರ್ಷವಾದರೂ ಬೆರಳು ತೋರಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ. ಹೆದರಿಕೆಯ ಮಾತಲ್ಲ ಇದು. ಬೇಗ ತೋರಿಸಿದಷ್ಟೂ ಮಗುವಿಗೆ ಒಳ್ಳೆಯದು.

9. ಪ್ರತಿ ಕೆಲಸಕ್ಕೆ ಒಂದು ಮಾತು ಕೊಡಿ

ತೆರೆ, ಮುಚ್ಚು, ಒತ್ತು, ಎಳೆ, ತಳ್ಳು, ಎತ್ತು, ಇಳಿಸು, ತಿರುಗಿಸು, ಸುರಿ, ಬಗ್ಗಿಸು, ಸಿಕ್ಕಿಸು, ಬಿಚ್ಚು. ಈ ಹನ್ನೆರಡು ಕ್ರಿಯಾಪದಗಳೂ ಒಂದು ಬಾಗಿಲು, ಒಂದು ನಲ್ಲಿ, ಒಂದು ಡ್ರಾ ಇದ್ದರೆ ಸಿಗುತ್ತವೆ. ಕೈ ಮಾಡುತ್ತಿರುವಾಗಲೇ ಕಿವಿಗೆ ಬಿದ್ದ ಮಾತು ಗಟ್ಟಿಯಾಗಿ ಕೂರುತ್ತದೆ. ಸದ್ದಿನ ಮಾತುಗಳಿಗಂತೂ ನಮ್ಮ ಭಾಷೆಯಲ್ಲಿ ಬರವಿಲ್ಲ. ಬಾಗಿಲು ಕಿರ್ರೆನ್ನುತ್ತದೆ, ನೀರು ಜುಳುಜುಳು, ಫ್ಯಾನು ಗಿರಗಿರ, ಹನಿ ತೊಟತೊಟ. ಮೊಮ್ಮಗ ‘ಅಮ್ಮ’ ಆದ ಮೇಲೆ ಹೇಳಿದ ಮೊದಲ ಸ್ಪಷ್ಟ ಮಾತು ‘ಟಪ್’.

ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ತಾಯಂದಿರು ಮನೆಮಾತು ಉಳಿಸುವುದು ಹೇಗೆ ಎಂದು ಕೇಳುತ್ತಾರೆ. ಅಕ್ಷರಮಾಲೆಯ ಪಟ ಆಮೇಲೆ ತೂಗುಹಾಕಿ. ಫ್ರಿಜ್ಜಿನ ಬಾಗಿಲು ಕನ್ನಡದಲ್ಲಿ ತೆರೆಯಲಿ, ಕನ್ನಡದಲ್ಲಿ ಮುಚ್ಚಲಿ.

10. ಫೋನನ್ನು ಈ ಪಟ್ಟಿಗೆ ಸೇರಿಸಬೇಡಿ

ಅದೂ ಮನೆಯ ವಸ್ತುವೇ, ಒತ್ತಿದರೆ ಅದೂ ಉತ್ತರ ಕೊಡುತ್ತದೆ ಎನ್ನುವವರಿದ್ದಾರೆ. ಗಾಜಿನ ಮೇಲೆ ಜಾರಿದ ಬೆರಳಿಗೆ ಭಾರ ತಿಳಿಯುವುದಿಲ್ಲ, ಬಿಗಿ ತಿಳಿಯುವುದಿಲ್ಲ, ತಣ್ಣಗೆ ಬಿಸಿ ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವಂತೆ ಒಂದು ವರ್ಷದ ಮಗುವಿಗೆ ಸ್ಕ್ರೀನು ಬೇಡವೇ ಬೇಡ. ಎರಡು ವರ್ಷದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಓಡಾಟ, ಆಟ ಎಲ್ಲ ಸೇರಿ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಬೇಕು. ಡ್ರಾ ಎಳೆದು ಖಾಲಿ ಮಾಡುವುದೂ ಆ 180ರಲ್ಲಿ ಬರುತ್ತದೆ.

11. ಮನೆಯವರೆಲ್ಲ ಒಂದೇ ಮಾತು ಆಡಿ

ಅಮ್ಮ ಸ್ವಿಚ್ಚು ಒತ್ತಿಸುತ್ತಾಳೆ, ತಾತ ಗದರುತ್ತಾರೆ, ನೋಡಿಕೊಳ್ಳುವ ಆಯಾ ‘ಗುಮ್ಮ ಬರ್ತಾನೆ’ ಎನ್ನುತ್ತಾರೆ. ಮಗುವಿಗೆ ಯಾವುದು ನಿಜ? ಒಂದು ಸಂಜೆ ಎಲ್ಲರೂ ಕೂತು ಆ ಐದು ‘ಬೇಡ’ಗಳನ್ನು ಒಪ್ಪಿಕೊಳ್ಳಿ. ಆಯಾನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ದಿನದ ಹೆಚ್ಚು ಹೊತ್ತು ಮಗು ಅವರ ಕೈಯಲ್ಲಿರುತ್ತದೆ. ಏನಾದರೂ ಚೆಲ್ಲಿದರೆ ಅವರ ಮೇಲೆ ಸಿಟ್ಟಾಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ಆ ಭರವಸೆ ಇಲ್ಲದಿದ್ದರೆ ಅವರು ಮಗುವನ್ನು ಟಿ.ವಿ. ಮುಂದೆ ಕೂರಿಸುವುದು ಸಹಜ.

ಗುಮ್ಮ, ಹಲ್ಲಿ, ಪೊಲೀಸು ಇವರನ್ನೆಲ್ಲ ಕರೆಯಬೇಡಿ. ಬಚ್ಚಲುಮನೆಯಲ್ಲಿ ಗುಮ್ಮ ಇದ್ದಾನೆ ಎಂದು ನಂಬಿದ ಮಗು ಮುಂದೆ ಸ್ನಾನಕ್ಕೇ ಹೆದರುತ್ತದೆ. “ನೀರು ಬಿಸಿ, ಸುಡುತ್ತೆ” ಎನ್ನುವ ನಿಜವೇ ಸಾಕು.

ಆಟ ನಿಲ್ಲಿಸುವ ಹೊತ್ತಿಗೂ ಎಲ್ಲರದೂ ಒಂದೇ ರೀತಿ ಇರಲಿ. ದಿಢೀರನೆ ಎತ್ತಿಕೊಂಡು ಹೋದರೆ ಮಗು ಕಿರುಚುತ್ತದೆ, ಕಿರುಚಲೇಬೇಕು. “ಇನ್ನು ಮೂರು ಸಲ ಕಂದ, ಆಮೇಲೆ ಊಟ” ಎನ್ನಿ. ಒಂದು. ಎರಡು. ಮೂರು. ಮೂರನೆಯದನ್ನು ತುಸು ನಿಧಾನವಾಗಿ ಮಾಡಲು ಬಿಡಿ.

12. ಆಟಕ್ಕೆ ಕೆಲಸವಾಗಿ ಬಡ್ತಿ ಕೊಡಿ

ಎರಡು ವರ್ಷವಾಗುವ ಹೊತ್ತಿಗೆ ಸ್ವಿಚ್ಚು ಒತ್ತುವ ಹುಚ್ಚು ಇಳಿಯುತ್ತದೆ. ಆಗ ಅದೇ ಬೆರಳಿಗೆ ಮನೆಯ ಜವಾಬ್ದಾರಿ ಕೊಡಿ. ಕೋಣೆಯಿಂದ ಹೊರಡುವಾಗ ದೀಪ ಆರಿಸುವವನು ಅವನು. ತೊಟ್ಟಿಕ್ಕುವ ನಲ್ಲಿ ಬಿಗಿ ಮಾಡುವವಳು ಅವಳು. ಚಪ್ಪಲಿ ಜೋಡಿಸುವುದು, ಒಗೆದ ಬಟ್ಟೆಯ ಕ್ಲಿಪ್ಪು ತೆಗೆದುಕೊಡುವುದು, ಚಿಕ್ಕ ಚೊಂಬಿನಲ್ಲಿ ಗಿಡಕ್ಕೆ ನೀರು. ಮಾಡಿದ್ದು ಸರಿಯಾಗದಿದ್ದರೆ ಅದರ ಎದುರಿಗೇ ನೀವು ಮತ್ತೆ ಮಾಡಬೇಡಿ. ಚಪ್ಪಲಿ ಅಡ್ಡಾದಿಡ್ಡಿ ಇದ್ದರೆ ಸಂಜೆಯವರೆಗೆ ಹಾಗೇ ಇರಲಿ.

ಮೊಮ್ಮಗನಿಗೆ ಈಗ ಎರಡು ವರ್ಷ ಎಂಟು ತಿಂಗಳು. ಮನೆಗೆ ಪುಟ್ಟ ತಂಗಿ ಬಂದಿದ್ದಾಳೆ. ಮೊನ್ನೆ ಮಧ್ಯಾಹ್ನ ಅವಳು ತೊಟ್ಟಿಲಲ್ಲಿ ಆಗಷ್ಟೇ ಕಣ್ಣು ಮುಚ್ಚಿದ್ದಳು. ದೇವರ ಕೋಣೆಯಲ್ಲಿ ಬಿಟ್ಟಿದ್ದ ಚೆಂಡು ತರಲು ಇವನು ಹೊರಟ. ಮಗಳು ನನ್ನ ಕಡೆ ನೋಡಿ, “ಅಮ್ಮಾ, ಗಂಟೆ ಸದ್ದಾಗುತ್ತೆ, ಅವಳು ಏಳ್ತಾಳೆ” ಎಂದು ಪಿಸುಗುಟ್ಟಿದಳು. ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ. ಅವನು ಬಾಗಿಲ ಮುಂದೆ ನಿಂತು ಗಂಟೆಗಳನ್ನು ಒಂದು ಸಲ ಕೆಳಗಿನಿಂದ ಮೇಲಿನವರೆಗೆ ನೋಡಿದ. ಎಡಗೈಯ ಅಂಗೈಯನ್ನು ಅಗಲ ಮಾಡಿ ಕೆಳಗಿನ ಸಾಲಿನ ಮೇಲೆ ಒತ್ತಿದ, ಹೊಟ್ಟೆಯನ್ನು ಕದಕ್ಕೆ ಆನಿಸಿದ, ಬಲಗೈಯಲ್ಲಿ ಮೆಲ್ಲಗೆ, ತುಂಬಾ ಮೆಲ್ಲಗೆ ತಳ್ಳಿದ. ಮೇಲಿನ ಸಾಲಿನಲ್ಲಿ ಒಂದೇ ಒಂದು ಗಂಟೆ ‘ಟಿಣ್’ ಎಂದಿತು. ಅವನು ನಿಂತು ತೊಟ್ಟಿಲ ಕಡೆ ತಿರುಗಿದ. ಮಗು ಅಲುಗಲಿಲ್ಲ. ಒಳಗೆ ಹೋಗಿ ಚೆಂಡು ತೆಗೆದುಕೊಂಡು ಬಂದ.